ಸೊಂಟಕ್ಕೊಂದು ಟೇಪು, ಒಗ್ಗರಣೆಗೊಂದು ಚಮಚ

ಇಬ್ಬರು ವೈದ್ಯರು ಅಕ್ಕಪಕ್ಕ ಇರುವ ಒಂದು ಫೋಟೊ 2004ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಅಚ್ಚಾಯಿತು. ಒಬ್ಬರು ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್, ಇನ್ನೊಬ್ಬರು ಬ್ರಿಟನ್ನಿನ ಡಾ. ಜಾನ್ ಯುಡ್ಕಿನ್. ಎತ್ತರಕ್ಕೆ ತಕ್ಕ ತೂಕದ ಲೆಕ್ಕ, ಅಂದರೆ ಬಿಎಂಐ, ಇಬ್ಬರದೂ 22.3. ಆದರೆ ಮೈಯೊಳಗಿನ ಕೊಬ್ಬು ಅಳೆದಾಗ ಯುಡ್ಕಿನ್ ಅವರಲ್ಲಿ ಶೇ 9.1 ಇದ್ದರೆ, ಯಾಜ್ಞಿಕ್ ಅವರಲ್ಲಿ ಶೇ 21.2 ಇತ್ತು. ಬಿಎಂಐ ಪಟ್ಟಿಯ ಪ್ರಕಾರ ಇಬ್ಬರೂ ಸರಿಯಾಗೇ ಇದ್ದರು. ನೋಡಲು ತೆಳ್ಳಗಿರುವ ಭಾರತೀಯರ ಮೈಯಲ್ಲೂ, ಅದರಲ್ಲೂ ಹೊಟ್ಟೆಯ ಸುತ್ತ, ಕೊಬ್ಬು ಹೆಚ್ಚಿರಬಹುದು ಎಂಬುದಕ್ಕೆ ಆ ಫೋಟೊ ಸಾಕ್ಷಿಯಾಗಿ ಉಳಿದಿದೆ.

‘ನಾನೇನು ದಪ್ಪ ಇಲ್ಲ, ಹೊಟ್ಟೆ ಸ್ವಲ್ಪ ಬಂದಿದೆ ಅಷ್ಟೆ’ ಎನ್ನುವವರು ಪ್ರತಿ ಮನೆಯಲ್ಲೂ ಸಿಗುತ್ತಾರೆ. ಆ ‘ಅಷ್ಟೆ’ ಎಂಬಲ್ಲೇ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಫ್ಯಾಟಿ ಲಿವರ್‌ಗಳ ಬೇರು ಇದೆ. ಯುರೋಪಿನವರಿಗೆ ಬಿಎಂಐ 25 ದಾಟಿದರೆ ಅಧಿಕ ತೂಕ, 30 ದಾಟಿದರೆ ಬೊಜ್ಜು. ಭಾರತೀಯರಿಗೆ ವೈದ್ಯರು ಇಟ್ಟುಕೊಂಡಿರುವ ಗೆರೆ 23 ಮತ್ತು 25. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ 25ರ ಗೆರೆಯನ್ನೇ ಇಟ್ಟು ನೋಡಿದಾಗಲೂ ಕರ್ನಾಟಕದ ವಯಸ್ಕರಲ್ಲಿ, ಹೆಣ್ಣು ಗಂಡು ಭೇದವಿಲ್ಲದೆ, ಹತ್ತರಲ್ಲಿ ಸುಮಾರು ಮೂವರು ಅದನ್ನು ದಾಟಿದ್ದರು.

ಇಳಿಸುವ ದಾರಿ ಇದೆ. ಅದಕ್ಕೆ ಬೇಕಾದ ಸಾಮಾನು ಬಹುತೇಕ ಮನೆಯಲ್ಲೇ ಇದೆ.

ಮೊದಲ ವಾರ: ಏನನ್ನೂ ಬಿಡದೆ ಅಳೆಯುವುದು

ಹೊಲಿಗೆ ಡಬ್ಬಿಯ ಟೇಪು ಸಾಕು. ಬೆಳಿಗ್ಗೆ ತಿಂಡಿಗೆ ಮುಂಚೆ, ನೇರ ನಿಂತು, ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲಂಚಿಗೂ ನಡುವೆ ಟೇಪು ಸುತ್ತಬೇಕು. ಪ್ಯಾಂಟು ನಿಲ್ಲುವ ಜಾಗ ಅದಲ್ಲ. ಹೊಟ್ಟೆ ಬಂದವರಲ್ಲಿ ಪ್ಯಾಂಟು ಕೆಳಗೆ ಜಾರಿರುತ್ತದೆ, ಹಾಗಾಗಿ ಪ್ಯಾಂಟಿನ ಸೈಜು ನಂಬಿದವರು ಮೋಸಹೋಗುತ್ತಾರೆ. ಉಸಿರು ಸಹಜವಾಗಿ ಬಿಟ್ಟು, ಹೊಟ್ಟೆ ಒಳಗೆ ಎಳೆದುಕೊಳ್ಳದೆ ಓದಿಕೊಳ್ಳಬೇಕು. ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ಸೆಂಟಿಮೀಟರ್ ಮೀರಿದರೆ ಕೆಲಸ ಶುರುಮಾಡಬೇಕು ಎಂದೇ ಅರ್ಥ.

ಆ ಸಂಖ್ಯೆ ಬರೆಯಲು ಒಳ್ಳೆಯ ಜಾಗ ಅಡುಗೆಮನೆಯ ಗೋಡೆಯ ಕ್ಯಾಲೆಂಡರು. ಹಾಲಿನ ಲೆಕ್ಕ, ಗ್ಯಾಸ್ ಸಿಲಿಂಡರ್ ಬಂದ ದಿನ ಗುರುತು ಹಾಕುವ ಅದೇ ಕ್ಯಾಲೆಂಡರು. ಸೊಂಟದ ಅಳತೆ ತಿಂಗಳಿಗೊಮ್ಮೆ, ತೂಕ ವಾರಕ್ಕೊಮ್ಮೆ, ಅದೇ ದಿನ, ಅದೇ ಹೊತ್ತಿಗೆ. ದಿನಾ ತೂಕ ನೋಡಿ ಕಂಗೆಡುವುದು ಬೇಡ. ಉಪ್ಪು ಹೆಚ್ಚು ತಿಂದ ಮಾರನೆಯ ದಿನ ನೀರು ಮೈಯಲ್ಲಿ ನಿಂತು ತೂಕ ಏರುತ್ತದೆ, ಅದು ಕೊಬ್ಬಲ್ಲ.

ಈ ವಾರ ಊಟದಲ್ಲಿ ಏನೂ ಬದಲಾಯಿಸಬೇಕಿಲ್ಲ. ಬಾಯಿಗೆ ಹೋದದ್ದೆಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಬೇಕು, ಅಷ್ಟೆ. ಮಗು ತಟ್ಟೆಯಲ್ಲಿ ಬಿಟ್ಟ ಅರ್ಧ ದೋಸೆ, ಆಫೀಸಿನಲ್ಲಿ ಯಾರದೋ ಹುಟ್ಟುಹಬ್ಬದ ಕೇಕು, ಸಂಜೆ ಟಿವಿ ಮುಂದಿನ ಚಕ್ಕುಲಿ, ಎಲ್ಲವೂ. ಕಾಫಿಗೆ ಹಾಕಿದ ಸಕ್ಕರೆ ಕೂಡ. ಒಂದು ಲೋಟಕ್ಕೆ ಎರಡು ಚಮಚ ಎಂದರೆ 10 ಗ್ರಾಂ. ದಿನಕ್ಕೆ ನಾಲ್ಕು ಲೋಟವಾದರೆ 40 ಗ್ರಾಂ, ಅಂದರೆ 160 ಕ್ಯಾಲೊರಿ ಹೊಟ್ಟೆ ತುಂಬಿಸದೆ ಒಳಗೆ ಹೋಯಿತು. ಕಾಫಿ ಬಿಡಲಾರದವರಿಗೆ ಬೆಂಗಳೂರಿನ ದರ್ಶಿನಿಗಳು ಬಹಳ ಹಿಂದೆಯೇ ಪರಿಹಾರ ಕಂಡುಕೊಂಡಿವೆ: ಬೈ ಟು.

ಎರಡನೇ ವಾರ: ಎಣ್ಣೆ ಕ್ಯಾನಿನ ಮೇಲೊಂದು ದಿನಾಂಕ

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಮೇ ತಿಂಗಳಲ್ಲಿ ಭಾರತೀಯರಿಗಾಗಿ ಪರಿಷ್ಕೃತ ಆಹಾರ ಮಾರ್ಗಸೂಚಿ ಹೊರತಂದಿತು. 2000 ಕ್ಯಾಲೊರಿಯ ಒಂದು ದಿನದ ಊಟದಲ್ಲಿ ಧಾನ್ಯ 250 ಗ್ರಾಂ, ಬೇಳೆಕಾಳು 85 ಗ್ರಾಂ, ತರಕಾರಿ-ಸೊಪ್ಪು 400 ಗ್ರಾಂ, ಹಣ್ಣು 100 ಗ್ರಾಂ, ಹಾಲು-ಮೊಸರು 300 ಮಿಲಿಲೀಟರ್ ಇರಬೇಕೆಂದು ಅದು ಹೇಳುತ್ತದೆ. ಎಣ್ಣೆ-ತುಪ್ಪಕ್ಕೆ ಸಿಗುವ ಪಾಲು 27 ಗ್ರಾಂ.

27 ಗ್ರಾಂ ಎಂದರೆ ಎಷ್ಟು ಎಂದು ಒಲೆಯ ಮುಂದೆ ನಿಂತವರಿಗೆ ಗೊತ್ತಾಗುವುದಿಲ್ಲ. ಆದ್ದರಿಂದ ಲೆಕ್ಕವನ್ನು ತಿರುಗಿಸಿ ನೋಡಬೇಕು. ನಾಲ್ವರು ದೊಡ್ಡವರಿರುವ ಮನೆಯಲ್ಲಿ ಐದು ಲೀಟರಿನ ಎಣ್ಣೆ ಕ್ಯಾನು ಒಂದು ತಿಂಗಳಿಗೆ ಖಾಲಿಯಾಗುತ್ತದೆ ಎಂದುಕೊಳ್ಳೋಣ. ಐದು ಲೀಟರ್ ಎಣ್ಣೆಯ ತೂಕ ಸುಮಾರು ನಾಲ್ಕೂವರೆ ಕಿಲೊ. ತಲೆಗೆ ದಿನಕ್ಕೆ 38 ಗ್ರಾಂ ಬಿತ್ತು. ಮಿತಿಗಿಂತ 11 ಗ್ರಾಂ ಹೆಚ್ಚು, ಗ್ರಾಮಿಗೆ 9 ಕ್ಯಾಲೊರಿಯಂತೆ ದಿನಕ್ಕೆ ನೂರು ಕ್ಯಾಲೊರಿ. ಹೊರಗೆ ತಿಂದ ಬೋಂಡ, ಚಿಪ್ಸು, ಹೋಟೆಲಿನ ಪೂರಿ ಇದಕ್ಕೆ ಸೇರಿಲ್ಲ.

ಕ್ಯಾನು ಒಡೆದ ದಿನವೇ ಮಾರ್ಕರ್ ಪೆನ್ನಿನಲ್ಲಿ ಅದರ ಮೇಲೆ ದಿನಾಂಕ ಬರೆದು, ಕ್ಯಾಲೆಂಡರಿನಲ್ಲೂ ಗುರುತು ಹಾಕಬೇಕು. ಅದೇ ನಾಲ್ವರಿಗೆ ಅದು ನಲವತ್ತೆರಡು ದಿನ ಬಂದರೆ ಲೆಕ್ಕ ಸರಿಹೋಯಿತು. ದಾರಿಯೂ ಸುಲಭವೇ: ಬಾಣಲೆಗೆ ಎಣ್ಣೆಯನ್ನು ಕ್ಯಾನಿನಿಂದಾಗಲಿ ಜಗ್ಗಿನಿಂದಾಗಲಿ ನೇರ ಸುರಿಯಬಾರದು. ಚಮಚದಲ್ಲಿ ಅಳೆದೇ ಹಾಕಬೇಕು. ಸಾಸಿವೆ ಸಿಡಿಯಲು, ಕರಿಬೇವು ಚಟಪಟ ಅನ್ನಲು ಎರಡು ಟೀ ಚಮಚ ಎಣ್ಣೆ ಧಾರಾಳ. ಒಗ್ಗರಣೆ ಸೌಟನ್ನು ಸ್ವಲ್ಪ ಓರೆ ಮಾಡಿ ಹಿಡಿದರೆ ಎಣ್ಣೆ ಒಂದೆಡೆ ಸೇರಿ ಅಷ್ಟರಲ್ಲೇ ಸಾಸಿವೆ ಮುಳುಗುತ್ತದೆ. ಪಲ್ಯಕ್ಕೆ ತರಕಾರಿಯನ್ನು ಹಬೆಯಲ್ಲಿ ಬೇಯಿಸಿ, ಒಗ್ಗರಣೆಯನ್ನು ಕೊನೆಗೆ ಹಾಕಿದರೆ ಘಮವೂ ಉಳಿಯುತ್ತದೆ.

ಮೂರನೇ ವಾರ: ತಟ್ಟೆ

ಅನ್ನ ತಿಂದರೆ ದಪ್ಪಗಾಗುತ್ತಾರೆ, ಮುದ್ದೆ ತಿಂದರೆ ಸಣ್ಣಗಾಗುತ್ತಾರೆ ಎಂಬ ನಂಬಿಕೆ ಬಲವಾಗಿದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 320 ಕ್ಯಾಲೊರಿ, ನೂರು ಗ್ರಾಂ ಅಕ್ಕಿಯಲ್ಲಿ ಸುಮಾರು 355. ವ್ಯತ್ಯಾಸ ದೊಡ್ಡದೇನಲ್ಲ. ರಾಗಿಯ ನಿಜವಾದ ಹೆಚ್ಚುಗಾರಿಕೆ ಬೇರೆ ಕಡೆ ಇದೆ. ಅದರಲ್ಲಿ ನಾರು 11 ಗ್ರಾಂ, ಪಾಲಿಶ್ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ಕ್ಯಾಲ್ಸಿಯಂ 364 ಮಿಲಿಗ್ರಾಂ. ಮುದ್ದೆ ಹೊಟ್ಟೆಯಲ್ಲಿ ಹೆಚ್ಚು ಹೊತ್ತು ನಿಲ್ಲುವುದು ನಾರಿನಿಂದ. ಆದರೆ ಹಿಟ್ಟು ತಿಂದವನು ಬೆಟ್ಟ ಕಿತ್ತಿಟ್ಟ ಎಂಬ ಗಾದೆಯಲ್ಲಿ ಬೆಟ್ಟ ಕೀಳುವ ಕೆಲಸವೂ ಇತ್ತು. ಹೊಲ ಉಳುವವರಿಗಾಗಿ ಕಟ್ಟಿದ ಗಾತ್ರದ ಮುದ್ದೆಯನ್ನು ಲ್ಯಾಪ್‌ಟಾಪ್ ಮುಂದೆ ಕೂರುವವರು ಅರ್ಧ ಮಾಡಿಕೊಳ್ಳುವುದು ನ್ಯಾಯ.

ಅನ್ನದ ತೊಂದರೆ ಬಡಿಸುವ ಕ್ರಮದಲ್ಲಿದೆ. ಕನ್ನಡಿಗರ ಊಟದಲ್ಲಿ ಅನ್ನ ಮೂರು ಸಲ ಬರುತ್ತದೆ: ಸಾರಿಗೊಮ್ಮೆ, ಹುಳಿಗೊಮ್ಮೆ, ಮೊಸರಿಗೊಮ್ಮೆ. ಪ್ರತಿ ಸಲವೂ ‘ಇನ್ನೊಂಚೂರು’. ಇದಕ್ಕೆ ಉಪಾಯವೆಂದರೆ ಒಂದು ಊಟದ ಅನ್ನವನ್ನು ಮೊದಲೇ ಒಂದು ಬಟ್ಟಲಿನಲ್ಲಿ ಅಳೆದು ತಟ್ಟೆಗೆ ಹಾಕಿಕೊಂಡು, ಅದನ್ನೇ ಮೂರು ಪಾಲು ಮಾಡುವುದು. ಸಾರೂ ಸಿಗುತ್ತದೆ, ಹುಳಿಯೂ ಸಿಗುತ್ತದೆ, ಮಜ್ಜಿಗೆಯೂ ಸಿಗುತ್ತದೆ. ಅನ್ನದ ಪಾತ್ರೆ ಮಾತ್ರ ಮತ್ತೆ ಹತ್ತಿರ ಬರುವುದಿಲ್ಲ. ತಟ್ಟೆಯ ಅರ್ಧ ಭಾಗ ಪಲ್ಯ, ಕೋಸಂಬರಿ, ಸೊಪ್ಪಿಗೆ; ಕಾಲು ಭಾಗ ಅನ್ನಕ್ಕೋ ಮುದ್ದೆಗೋ ರೊಟ್ಟಿಗೋ; ಉಳಿದ ಕಾಲು ಬೇಳೆ, ಕಾಳು, ಮೊಟ್ಟೆ ಅಥವಾ ಮೀನಿಗೆ. ಪಲ್ಯದಿಂದ ಊಟ ಆರಂಭಿಸಿದರೆ ಅನ್ನದ ಹೊತ್ತಿಗೆ ಹಸಿವು ಅರ್ಧ ತಗ್ಗಿರುತ್ತದೆ.

ಈ ಅಳತೆಗೆ ಹೇಳಿ ಮಾಡಿಸಿದಂಥ ಅಡುಗೆ ಮಂಡ್ಯ, ಹಾಸನ, ತುಮಕೂರು ಕಡೆಯ ಬಸ್ಸಾರು. ಹುರುಳಿಯೋ ಅಲಸಂದೆಯೋ ಹೆಸರುಕಾಳೋ ಸೊಪ್ಪಿನ ಜೊತೆ ಬೇಯುತ್ತದೆ. ಬೇಯಿಸಿದ ನೀರನ್ನು ಬಸಿದು, ಖಾರ ರುಬ್ಬಿ ಹಾಕಿ ಸಾರು ಮಾಡುತ್ತಾರೆ. ಉಳಿದ ಕಾಳು-ಸೊಪ್ಪು ಈರುಳ್ಳಿ, ಒಂದಿಷ್ಟು ಕಾಯಿತುರಿ ಸೇರಿ ಪಲ್ಯವಾಗುತ್ತದೆ. ಒಂದೇ ಪಾತ್ರೆಯ ಅಡುಗೆಯಲ್ಲಿ ಪ್ರೋಟೀನು, ನಾರು, ಕಬ್ಬಿಣದಂಶ ಎಲ್ಲ ಬಂದವು. ದುಬಾರಿ ಡಯಟ್ ಚಾರ್ಟ್ ಕೊಳ್ಳುವ ಮೊದಲು ವಾರದಲ್ಲಿ ಮೂರು ದಿನ ಬಸ್ಸಾರು ಮಾಡಿ ನೋಡುವುದು ಒಳ್ಳೆಯದು.

ಪ್ರೋಟೀನನ್ನು ಮರೆಯಲೇಬಾರದು. ವಯಸ್ಕರಿಗೆ ಕಿಲೊ ತೂಕಕ್ಕೆ ದಿನಕ್ಕೆ 0.83 ಗ್ರಾಂ ಬೇಕು, ಅಂದರೆ 60 ಕಿಲೊ ಇರುವವರಿಗೆ ಸುಮಾರು 50 ಗ್ರಾಂ. ಚಿತ್ರಾನ್ನ, ಅವಲಕ್ಕಿ, ಉಪ್ಪಿಟ್ಟಿನ ಬೆಳಗುಗಳಲ್ಲಿ ಅದು ತೀರ ಕಡಿಮೆ. ಪಕ್ಕಕ್ಕೆ ಒಂದು ಬಟ್ಟಲು ಮೊಳಕೆಕಾಳು, ಎರಡು ಮೊಟ್ಟೆ ಅಥವಾ ಗಟ್ಟಿ ಮೊಸರು ಸೇರಿದರೆ ಹನ್ನೊಂದು ಗಂಟೆಯ ಹಸಿವು ಕಾಡುವುದಿಲ್ಲ.

ಪೊಟ್ಟಣದ ತಿಂಡಿಗಳ ಬಗ್ಗೆ ಒಂದು ಪ್ರಯೋಗದ ಮಾತು. ಅಮೆರಿಕದ ಸಂಶೋಧಕ ಕೆವಿನ್ ಹಾಲ್ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 20 ಮಂದಿ ಎರಡು ವಾರ ಕಾರ್ಖಾನೆಯ ಸಿದ್ಧ ಆಹಾರವನ್ನೂ, ಎರಡು ವಾರ ಸಾದಾ ಆಹಾರವನ್ನೂ ಬೇಕಾದಷ್ಟು ತಿಂದರು. ಸಿದ್ಧ ಆಹಾರದ ದಿನಗಳಲ್ಲಿ ಅವರು ತಮಗೇ ಅರಿವಿಲ್ಲದೆ ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ತಿಂದು, ಎರಡೇ ವಾರದಲ್ಲಿ ಮುಕ್ಕಾಲು ಕಿಲೊಗೂ ಹೆಚ್ಚು ಏರಿದ್ದರು. ಸಂಜೆ ನಾಲ್ಕರಿಂದ ಏಳರ ನಡುವಿನ ಕುರುಕಲಿಗೆ ಹುರಿಗಡಲೆ, ಹಣ್ಣು, ನೀರುಮಜ್ಜಿಗೆ ಮನೆಯಲ್ಲಿ ಕೈಗೆಟಕುವಂತೆ ಇಟ್ಟುಕೊಳ್ಳಬೇಕು ಎನ್ನುವುದು ಇದಕ್ಕೇ.

ನಾಲ್ಕನೇ ವಾರದಿಂದ: ಕಾಲಿಗೆ ಕೆಲಸ

ಲಂಡನ್ನಿನ ಡಬಲ್ ಡೆಕ್ಕರ್ ಬಸ್ಸುಗಳ ಚಾಲಕರನ್ನೂ ನಿರ್ವಾಹಕರನ್ನೂ ಹೋಲಿಸಿ ಜೆರ್ರಿ ಮಾರಿಸ್ 1953ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ದಿನವಿಡೀ ಕೂತಿರುತ್ತಿದ್ದ ಚಾಲಕರಿಗಿಂತ ಮೆಟ್ಟಿಲು ಹತ್ತಿಳಿದು ಟಿಕೆಟ್ ಕೊಡುತ್ತಿದ್ದ ನಿರ್ವಾಹಕರಲ್ಲಿ ಹೃದಯಾಘಾತ ಕಡಿಮೆ ಕಂಡಿತ್ತು. ಅದೇ ಬಸ್ಸು, ಅದೇ ಊರು.

ಆದರೂ ಬರೀ ನಡಿಗೆಯಿಂದ ತೂಕ ಇಳಿಯುತ್ತದೆ ಎಂದು ಕಾದವರಿಗೆ ನಿರಾಸೆ ಕಾದಿರುತ್ತದೆ. 70 ಕಿಲೊ ತೂಕದವರು ಅರ್ಧ ಗಂಟೆ ಬಿರುಸಾಗಿ ನಡೆದರೆ ಕರಗುವುದು ಸುಮಾರು 120ರಿಂದ 150 ಕ್ಯಾಲೊರಿ. ಒಂದು ದೊಡ್ಡ ಚಮಚ ಎಣ್ಣೆಯಲ್ಲೂ ಸುಮಾರು ಅಷ್ಟೇ ಇದೆ. ಲಾಲ್‌ಬಾಗಿನಲ್ಲಿ ಬೆಳಿಗ್ಗೆ ಸುತ್ತು ಹಾಕಿ, ಹೊರಗೆ ಬಂದು ಬೆಣ್ಣೆ ಮಸಾಲೆ ತಿಂದರೆ ಲೆಕ್ಕ ಉಲ್ಟಾ ಆಗುವುದು ಹೀಗೆ. ತೂಕ ಇಳಿಸುವ ಹೆಚ್ಚಿನ ಕೆಲಸ ಅಡುಗೆಮನೆಯದು. ಇಳಿದ ತೂಕ ಮತ್ತೆ ಏರದಂತೆ ಹಿಡಿಯುವ ಕೆಲಸ ಮಾತ್ರ ಕಾಲಿನದು. ಕನಿಷ್ಠ 13 ಕಿಲೊ ಇಳಿಸಿ ವರ್ಷದ ಮೇಲೂ ಉಳಿಸಿಕೊಂಡವರ ಹೆಸರು ದಾಖಲಿಸುವ ನೋಂದಣಿಯೊಂದು ಅಮೆರಿಕದಲ್ಲಿ 1994ರಿಂದ ಇದೆ. ಅದರಲ್ಲಿರುವವರು ಸರಾಸರಿ ದಿನಕ್ಕೆ ಒಂದು ಗಂಟೆಯಷ್ಟು ಮೈಬಗ್ಗಿಸುತ್ತಾರೆ, ಹೆಚ್ಚಿನವರದು ನಡಿಗೆಯೇ.

ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ವಾರಕ್ಕೆ 150ರಿಂದ 300 ನಿಮಿಷ. ನಡಿಗೆಯ ಮೊದಲ ವಾರ ರಾತ್ರಿ ಊಟವಾದ ಮೇಲೆ ಹತ್ತು ನಿಮಿಷದಿಂದ ಶುರುಮಾಡಿ, ವಾರಕ್ಕೆ ಐದು ನಿಮಿಷದಂತೆ ಏರಿಸಬಹುದು. ವೇಗ ಎಷ್ಟಿರಬೇಕೆಂದರೆ, ಜೊತೆಯವರ ಹತ್ತಿರ ಮಾತಾಡಲು ಆಗಬೇಕು, ಹಾಡು ಹೇಳಲು ಆಗಬಾರದು. ಹತ್ತು ಸಾವಿರ ಹೆಜ್ಜೆಯ ಗುರಿ ವೈದ್ಯರು ಕೊಟ್ಟದ್ದಲ್ಲ. 1965ರಲ್ಲಿ ಜಪಾನಿನ ಕಂಪನಿಯೊಂದು ಮಾರಿದ ಹೆಜ್ಜೆ ಎಣಿಸುವ ಸಾಧನದ ಹೆಸರಿನಿಂದ ಬಂದದ್ದು. ಏಳು ಸಾವಿರದಲ್ಲೇ ಒಳ್ಳೆಯ ಫಲ ಕಾಣುತ್ತದೆ.

ನಡಿಗೆಯ ಜೊತೆಗೆ ವಾರಕ್ಕೆ ಎರಡು ದಿನ ಸ್ನಾಯು ಗಟ್ಟಿ ಮಾಡುವ ಕಸರತ್ತು ಬೇಕೇ ಬೇಕು. ಊಟ ಕಡಿಮೆ ಮಾಡಿದಾಗ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ಇದಕ್ಕೆ ಯಂತ್ರಗಳು ಬೇಕೆಂದೇನಿಲ್ಲ. ಮೈಸೂರಿನ ಗರಡಿಮನೆಗಳಲ್ಲಿ, ಉತ್ತರ ಕರ್ನಾಟಕದ ತಾಲೀಮು ಮನೆಗಳಲ್ಲಿ ತಲೆಮಾರುಗಳಿಂದ ನಡೆದುಬಂದ ಬಸ್ಕಿ, ದಂಡಗಳೇ ಸಾಕು. ಐವತ್ತು ದಾಟಿದವರು ಗೋಡೆಗೆ ಒತ್ತಿಟ್ಟ ಗಟ್ಟಿ ಕುರ್ಚಿಯ ಅಂಚಿನಲ್ಲಿ ಕೂತು, ಎದೆಯ ಮೇಲೆ ಕೈಕಟ್ಟಿ, ಕೈ ಊರದೆ ಎದ್ದು ಮತ್ತೆ ಮೆಲ್ಲಗೆ ಕೂರಬೇಕು. ಕೂರುವಾಗ ಧೊಪ್ಪನೆ ಬೀಳಬಾರದು. ಮನಸ್ಸಿನಲ್ಲಿ ಮೂರು ಎಣಿಸುತ್ತಾ ಇಳಿದರೆ ತೊಡೆಯ ಸ್ನಾಯು ನಡುಗುವುದು ಗೊತ್ತಾಗುತ್ತದೆ. ಹತ್ತು ಸಲ, ಒಂದು ನಿಮಿಷ ವಿರಾಮ, ಮತ್ತೆ ಹತ್ತು. ಇದು ಹಗುರವೆನಿಸಿದ ದಿನ ಕುರ್ಚಿ ತೆಗೆದು ಬಸ್ಕಿ. ದಂಡವೂ ಹಾಗೆಯೇ: ಮೊದಲು ಗೋಡೆಗೆ ಕೈಯೂರಿ, ಆಮೇಲೆ ಅಡುಗೆ ಕಟ್ಟೆಗೆ, ಕೊನೆಗೆ ನೆಲಕ್ಕೆ.

ತೂಕ ನಿಂತುಬಿಟ್ಟಾಗ

ವಾರಕ್ಕೆ ಅರ್ಧ ಕಿಲೊ ಇಳಿದರೆ ಅದು ಒಳ್ಳೆಯ ವೇಗ. ಮೊದಲ ವಾರ ಎರಡು ಕಿಲೊ ಇಳಿದರೆ ಹೆಚ್ಚಿನದು ನೀರು. ಎರಡು ಮೂರು ತಿಂಗಳ ನಂತರ ಮುಳ್ಳು ಅಲ್ಲಾಡದೆ ನಿಲ್ಲುವುದು ಸಹಜ. ಹಗುರಾದ ಮೈಗೆ ಇಂಧನ ಕಡಿಮೆ ಸಾಕು. ಆಗ ಉಪವಾಸ ಕೂರದೆ ನೋಟ್‌ಬುಕ್ಕನ್ನು ಮತ್ತೆ ಒಂದು ವಾರ ತೆರೆಯಬೇಕು. ಅಳತೆಯ ಚಮಚ ಮೂಲೆ ಸೇರಿ ಜಗ್ಗು ಮತ್ತೆ ಕೈಗೆ ಬಂದಿರುವುದು ಸಾಮಾನ್ಯವಾಗಿ ಅಲ್ಲೇ ಗೊತ್ತಾಗುತ್ತದೆ.

ಇಪ್ಪತ್ತು ಕಿಲೊ ಇಳಿಯದಿದ್ದರೆ ಪ್ರಯೋಜನವಿಲ್ಲ ಎಂದು ಯಾರೂ ಕೈಚೆಲ್ಲಬಾರದು. ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದವರ ಮೇಲೆ ಅಮೆರಿಕದಲ್ಲಿ ನಡೆದು 2002ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಗುರಿ ಇದ್ದದ್ದು ತೂಕದ ಶೇ 7 ಇಳಿಕೆ ಮತ್ತು ವಾರಕ್ಕೆ 150 ನಿಮಿಷದ ವ್ಯಾಯಾಮ. ಕಾಯಿಲೆಗೆ ಬೀಳುವವರ ಪ್ರಮಾಣ ಶೇ 58ರಷ್ಟು ತಗ್ಗಿತು. ಚೆನ್ನೈನಲ್ಲಿ ಡಾ. ಎ. ರಾಮಚಂದ್ರನ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತೂಕ ಹೆಚ್ಚೇನೂ ಇಳಿಯಲಿಲ್ಲ. ಊಟ, ನಡಿಗೆ ಸರಿಪಡಿಸಿಕೊಂಡದ್ದಕ್ಕೇ ಅಪಾಯ ಶೇ 28.5ರಷ್ಟು ಕಡಿಮೆಯಾಯಿತು.

ಕೆಲವರು ಮೊದಲು ವೈದ್ಯರನ್ನು ಕಂಡೇ ಶುರುಮಾಡಬೇಕು. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ಏಕಾಏಕಿ ಊಟ ಕಡಿಮೆ ಮಾಡಿದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ನಡೆಯುವಾಗ ಎದೆ ಹಿಡಿದಂತಾಗುವವರು, ಮೂತ್ರಪಿಂಡದ ತೊಂದರೆ ಇರುವವರು, ಬಸುರಿ-ಬಾಣಂತಿಯರು ಕೂಡ ಇದೇ ಸಾಲಿಗೆ ಸೇರುತ್ತಾರೆ. ತಿನ್ನುವುದು ಹೆಚ್ಚದೆಯೂ ತೂಕ ಏರುತ್ತಿದ್ದರೆ ಥೈರಾಯ್ಡ್ ಪರೀಕ್ಷೆ ಮಾಡಿಸಬೇಕು. 2025ರಲ್ಲಿ ಮೌಂಜಾರೊ, ವಿಗೋವಿ ಚುಚ್ಚುಮದ್ದುಗಳು ಭಾರತದ ಮಾರುಕಟ್ಟೆಗೆ ಬಂದಿವೆ. ಅವು ಹಸಿವನ್ನು ತಗ್ಗಿಸಿ ತೂಕ ಇಳಿಸುತ್ತವೆ, ತಜ್ಞರ ಚೀಟಿ ಇಲ್ಲದೆ ಮುಟ್ಟುವಂಥವಲ್ಲ, ನಿಲ್ಲಿಸಿದ ಮೇಲೆ ತೂಕ ಮರಳುವುದು ಸಾಮಾನ್ಯ. ಊಟ ಕಡಿಮೆಯಾದಾಗ ಸ್ನಾಯು ಸೊರಗುವ ಭಯ ಆ ಚುಚ್ಚುಮದ್ದು ತೆಗೆದುಕೊಳ್ಳುವವರಿಗೂ ತಪ್ಪಿದ್ದಲ್ಲ. ಹಾಗಾಗಿ ಬಸ್ಸಾರಿನ ಕಾಳು, ಕುರ್ಚಿಯ ಮುಂದಿನ ಇಪ್ಪತ್ತು ಬಸ್ಕಿ ಅವರ ಚೀಟಿಯಲ್ಲೂ ಇರಬೇಕಾದವೇ.