ಮುಂದಿನ ಮಾತು, ಹಿಂದಿನ ಲೆಕ್ಕ

2024ರ ಬೇಸಿಗೆ. ಪಕ್ಕದ ಮನೆಯ ಎರಡು ವರ್ಷದ ಮಗುವಿಗೆ ರಾತ್ರಿಯಿಂದ ಭೇದಿ. ತಾಯಿ ಮೆಡಿಕಲ್ ಶಾಪಿಗೆ ಓಡಿಹೋಗಿ ‘ಓಆರ್‌ಎಸ್ ಕೊಡಿ’ ಎಂದಾಗ ಅಂಗಡಿಯವರು ಕೊಟ್ಟದ್ದು ಹಣ್ಣಿನ ಚಿತ್ರವಿದ್ದ ಟೆಟ್ರಾ ಪ್ಯಾಕ್. ಅದರ ಹೆಸರಿನೊಳಗೇ ಓಆರ್‌ಎಸ್ ಎಂಬ ಮೂರು ಅಕ್ಷರಗಳು ದಪ್ಪಗೆ ಕೂತಿದ್ದವು. ಎರಡು ಪ್ಯಾಕ್ ಕುಡಿಸಿದರೂ ಭೇದಿ ನಿಲ್ಲಲಿಲ್ಲ, ಹೆಚ್ಚಾಯಿತು. ಆಕೆ ನಮ್ಮ ಬಾಗಿಲು ತಟ್ಟಿದಾಗ ಮಗುವಿನ ಕಣ್ಣು ಗುಳಿಬಿದ್ದಿದ್ದವು. ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿಸಿ, ಮಗು ಚೇತರಿಸಿಕೊಂಡ ಮೇಲೆ ಆ ಖಾಲಿ ಪ್ಯಾಕನ್ನು ತಿರುಗಿಸಿ ಓದಿದೆ. 100 ಮಿಲಿಲೀಟರಿಗೆ 11 ಗ್ರಾಂ ಸಕ್ಕರೆ. ಅಲ್ಲೇ ಒಂದು ಮೂಲೆಯಲ್ಲಿ, ಇದು ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿದ ಓಆರ್‌ಎಸ್ ಅಲ್ಲ ಎಂದು ಸಾಸಿವೆ ಕಾಳಿನಷ್ಟು ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ ಒಂದು ಸಾಲು. ಆ ತಾಯಿ ಕನ್ನಡ ಶಾಲೆಯಲ್ಲಿ ಏಳನೇ ತರಗತಿವರೆಗೆ ಓದಿದವರು.

ನಮ್ಮಲ್ಲಿ ಜೀವಜಲ ಎಂದು ಕರೆಯುವ ಓಆರ್‌ಎಸ್‌ಗೆ ಖಚಿತವಾದ ಲೆಕ್ಕವಿದೆ. ಒಂದು ಲೀಟರ್ ನೀರಿಗೆ 13.5 ಗ್ರಾಂ ಗ್ಲೂಕೋಸ್, 2.6 ಗ್ರಾಂ ಉಪ್ಪು, ಜೊತೆಗೆ ಪೊಟ್ಯಾಸಿಯಂ ಮತ್ತು ಸಿಟ್ರೇಟ್ ಲವಣಗಳು. ಕರುಳಿನ ಗೋಡೆಯನ್ನು ದಾಟುವಾಗ ಗ್ಲೂಕೋಸ್ ಉಪ್ಪಿನ ಕೈ ಹಿಡಿದು ಹೋಗುತ್ತದೆ, ಅವೆರಡರ ಹಿಂದೆಯೇ ನೀರೂ ಮೈಗೆ ಸೇರುತ್ತದೆ. ಸಕ್ಕರೆ ಅತಿಯಾದರೆ ಇದು ತಿರುಗುಮುರುಗು: ಮೈಯಲ್ಲಿರುವ ನೀರೇ ಕರುಳಿಗೆ ಇಳಿದು ಭೇದಿ ಜಾಸ್ತಿಯಾಗುತ್ತದೆ. ಆ ಪ್ಯಾಕಿನ ಲೆಕ್ಕ ಲೀಟರಿಗೆ 110 ಗ್ರಾಂ ಸಕ್ಕರೆ, ಜೀವಜಲದ ಎಂಟು ಪಟ್ಟು. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿದಾಗ ಡಾ. ದಿಲೀಪ್ ಮಹಲನಾಬಿಸ್ ಉಪ್ಪು ಸಕ್ಕರೆ ಬೆರೆಸಿದ ನೀರನ್ನು ಕುಡಿಸಿ ಸಾವಿರಾರು ಜೀವ ಉಳಿಸಿದರು. ಅಂಥ ಹೆಸರನ್ನು ಸಕ್ಕರೆ ಪಾನಕಕ್ಕೆ ಅಂಟಿಸಿ ಮಾರಿದ್ದನ್ನು ನಾನು ಸಣ್ಣ ತಪ್ಪೆಂದು ಒಪ್ಪಲಾರೆ.

ಇದನ್ನು ನಿಲ್ಲಿಸಲು ಹೈದರಾಬಾದಿನ ಮಕ್ಕಳ ತಜ್ಞೆ ಡಾ. ಶಿವರಂಜನಿ ಸಂತೋಷ್ ಸುಮಾರು ಎಂಟು ವರ್ಷ ಹೋರಾಡಿದರು. ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ, ಅಂದರೆ ಎಫ್‌ಎಸ್‌ಎಸ್‌ಎಐ, 2022ರಲ್ಲೂ 2024ರಲ್ಲೂ ಸಣ್ಣಕ್ಷರದ ಎಚ್ಚರಿಕೆ ಹಾಕಿದರೆ ಆ ಹೆಸರು ಬಳಸಬಹುದು ಎಂದಿತ್ತು. ಕೊನೆಗೆ 2025ರ ಅಕ್ಟೋಬರ್ 14ರಂದು ಆ ಅನುಮತಿಗಳನ್ನು ಹಿಂದಕ್ಕೆ ಪಡೆಯಿತು. ಹೆಸರಿನ ಹಿಂದೆಯಾಗಲಿ ಮುಂದೆಯಾಗಲಿ, ಟ್ರೇಡ್‌ಮಾರ್ಕ್ ನೆಪದಲ್ಲೇ ಆಗಲಿ, ಸೂತ್ರಕ್ಕೆ ಹೊಂದದ ಪಾನೀಯಕ್ಕೆ ಓಆರ್‌ಎಸ್ ಎಂದು ಬರೆಯುವಂತಿಲ್ಲ ಎಂದು ಮರುದಿನ ಸ್ಪಷ್ಟಪಡಿಸಿತು.

ಸಣ್ಣಕ್ಷರದಲ್ಲಿ ನಿಜ ಬರೆದಿದ್ದೇವಲ್ಲ, ಓದದೇ ಇದ್ದದ್ದು ಗ್ರಾಹಕರ ತಪ್ಪು ಎನ್ನುವುದು ಇಂಥ ಪ್ರಕರಣಗಳಲ್ಲಿ ಕಂಪನಿಗಳ ಮೊದಲ ವಾದ. ಈ ವಾದಕ್ಕೆ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ, 2006ರಲ್ಲೇ ಉತ್ತರವಿದೆ, ಇದನ್ನು ಓದುಗರು ನೆನಪಿಡಬೇಕು. ದಾರಿ ತಪ್ಪಿಸುವ ಜಾಹೀರಾತಿಗೆ 53ನೇ ಕಲಂ 10 ಲಕ್ಷ ರೂಪಾಯಿವರೆಗೆ ದಂಡ ವಿಧಿಸುತ್ತದೆ. ಅದೇ ಕಲಂನ ಎರಡನೇ ಉಪಕಲಂ, ಲೇಬಲ್‌ನಲ್ಲಿ ಪದಾರ್ಥಗಳ ವಿವರ ಸರಿಯಾಗಿಯೇ ಇತ್ತು ಎಂಬ ಒಂದೇ ಕಾರಣಕ್ಕೆ ತಪ್ಪು ನಡೆದಿಲ್ಲ ಎನ್ನಲಾಗದು ಎನ್ನುತ್ತದೆ. ಹಿಂಬದಿಯ ಸತ್ಯ ಮುಂಬದಿಯ ಸುಳ್ಳಿಗೆ ರಕ್ಷಣೆಯಲ್ಲ.

ಹಾಗೆಂದು ಹಿಂಬದಿಯನ್ನು ನಾವು ಓದದೇ ಬಿಡಬಹುದೇ? ಕೂಡದು. ಕಾನೂನು ದಂಡ ಹಾಕುವುದು ವರ್ಷಗಳ ನಂತರ, ನಾವು ಮಗುವಿಗೆ ಕುಡಿಸುವುದು ಇವತ್ತು. ಮುಂಬದಿಯ ಕೆಲವು ಪದಗಳಿಗಂತೂ 2018ರ ಜಾಹೀರಾತು ಮತ್ತು ಹೇಳಿಕೆಗಳ ನಿಯಮಾವಳಿ ಅಳತೆಯನ್ನೇ ಕಟ್ಟಿದೆ. ‘ಶುಗರ್ ಫ್ರೀ’ ಎನ್ನಬೇಕಾದರೆ 100 ಗ್ರಾಮಿನಲ್ಲಿ ಸಕ್ಕರೆ ಅರ್ಧ ಗ್ರಾಂ ಮೀರಬಾರದು. ‘ಲೋ ಫ್ಯಾಟ್’ ಎಂದರೆ ಗಟ್ಟಿ ಪದಾರ್ಥದಲ್ಲಿ ಕೊಬ್ಬು 3 ಗ್ರಾಮಿನೊಳಗೆ. ‘ಹೈ ಫೈಬರ್’ ಎನ್ನಲು ನಾರು ಕನಿಷ್ಠ 6 ಗ್ರಾಂ. ಅಳತೆಗೆ ತೂಗಿದ ಮಾತ್ರಕ್ಕೆ ಅದು ಒಳ್ಳೆಯ ಆಹಾರವೆಂದು ಅರ್ಥವಲ್ಲ. ಶುಗರ್ ಫ್ರೀ ಬಿಸ್ಕತ್ತಿನಲ್ಲಿ ಸಕ್ಕರೆ ಇರದು, ಮೈದಾ ಇರುತ್ತದೆ, ಹಲವು ಬಾರಿ ಮಾಲ್ಟೊಡೆಕ್ಸ್‌ಟ್ರಿನ್ ಕೂಡ. ಎರಡೂ ರಕ್ತದ ಸಕ್ಕರೆಯನ್ನು ಬೇಗ ಏರಿಸುತ್ತವೆ. ಮಧುಮೇಹ ಇರುವ ಹಿರಿಯರು ಶುಗರ್ ಫ್ರೀ ಎಂಬ ಧೈರ್ಯದ ಮೇಲೆ ನಾಲ್ಕರ ಬದಲು ಎಂಟು ತಿನ್ನುವುದನ್ನು ಮನೆಮನೆಯಲ್ಲೂ ನೋಡುತ್ತೇವೆ. ಪದಾರ್ಥಗಳ ಪಟ್ಟಿಯನ್ನು ತೂಕದ ಇಳಿಕೆಯ ಕ್ರಮದಲ್ಲೇ ಬರೆಯಬೇಕೆಂಬುದು ನಿಯಮ. ಆದ್ದರಿಂದ ಮೊದಲ ಮೂರು ಹೆಸರು ಓದಿದರೂ ಸಾಕು, ಒಳಗೇನಿದೆ ಎಂದು ತಿಳಿಯುತ್ತದೆ. ‘ಒಂದು ಸರ್ವಿಂಗ್‌ಗೆ’ ಎಂಬ ಕಾಲಂ ಬಿಟ್ಟು 100 ಗ್ರಾಮಿನ ಕಾಲಂ ನೋಡಿ, ಎರಡು ಉತ್ಪನ್ನಗಳನ್ನು ಹೋಲಿಸಲು ಅದೊಂದೇ ದಾರಿ.

‘ಹೆಲ್ತ್ ಡ್ರಿಂಕ್’ ಎಂಬ ಮಾತಿಗಂತೂ ಆಹಾರ ಸುರಕ್ಷತೆ ಕಾಯ್ದೆಯಲ್ಲಿ ವ್ಯಾಖ್ಯೆಯೇ ಇಲ್ಲ. ಮಾಲ್ಟ್, ಹಾಲು, ಧಾನ್ಯ ಆಧಾರಿತ ಪಾನೀಯಗಳನ್ನು ಆ ಹೆಸರಿನ ವಿಭಾಗದಲ್ಲಿ ಇಟ್ಟು ಮಾರಬಾರದೆಂದು ಆನ್‌ಲೈನ್ ಮಾರಾಟ ಕಂಪನಿಗಳಿಗೆ 2024ರ ಏಪ್ರಿಲ್‌ನಲ್ಲಿ ಸೂಚನೆ ಹೋಯಿತು. ಅದೇ ವರ್ಷ ಜೂನ್‌ನಲ್ಲಿ, ಸಾರಕ್ಕೆ ನೀರು ಬೆರೆಸಿ ತಯಾರಿಸುವ ರಸಗಳ ಮೇಲಿನ ‘100% ಹಣ್ಣಿನ ರಸ’ ಎಂಬ ಬರಹ ತೆಗೆಯಬೇಕೆಂದೂ ಪ್ರಾಧಿಕಾರ ಹೇಳಿತು. ವೈದ್ಯರು ಶಿಫಾರಸು ಮಾಡಿದ್ದು ಎಂದು ಬರೆಯುವುದಕ್ಕೂ, ಆಹಾರ ಕಾಯಿಲೆ ವಾಸಿ ಮಾಡುತ್ತದೆ ಎಂದು ಹೇಳುವುದಕ್ಕೂ ನಿಷೇಧವಿದೆ. ಇದು ದೊಡ್ಡ ಕಂಪನಿಗಳಿಗಷ್ಟೇ ಅನ್ವಯಿಸುವ ಮಾತಲ್ಲ. ಮೇಳಗಳಲ್ಲಿ, ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಸಿರಿಧಾನ್ಯ, ಗಾಣದ ಎಣ್ಣೆ, ಕಷಾಯದ ಪುಡಿ ಮಾರುವ ನಮ್ಮೂರಿನವರೂ ‘ಮೂರು ತಿಂಗಳಲ್ಲಿ ಸಕ್ಕರೆ ಕಾಯಿಲೆ ಮಾಯ’ ಎಂದರೆ ಅದೂ ಅಪರಾಧವೇ. ಸಿರಿಧಾನ್ಯ ಒಳ್ಳೆಯ ಆಹಾರ, ನಾನೂ ತಿನ್ನುತ್ತೇನೆ. ಅದನ್ನು ನಂಬಿ ಯಾರೋ ಇನ್ಸುಲಿನ್ ಬಿಟ್ಟರೆ ಹೊಣೆ ಯಾರು? ಅಂಥ ಸಂದೇಶವನ್ನು ಪರಿಶೀಲಿಸದೆ ಮುಂದಕ್ಕೆ ಕಳಿಸಿದವರಿಗೂ ಅದರಲ್ಲಿ ಪಾಲಿದೆ.

ಇನ್ನು ದೂರಿನ ವಿಷಯ. ಎಲ್ಲಕ್ಕಿಂತ ಮೊದಲು ಪೊಟ್ಟಣವನ್ನೂ ಬಿಲ್ಲನ್ನೂ ಎಸೆಯಬೇಡಿ. ಇಂಥ ದೂರು ಹೇಳಿಕೊಂಡು ನನ್ನ ಬಳಿ ಬರುವ ಹತ್ತರಲ್ಲಿ ಎಂಟು ಮಂದಿಯ ಹತ್ತಿರ ಎರಡೂ ಇರುವುದಿಲ್ಲ, ಆ ತಾಯಿಯ ಹತ್ತಿರವೂ ಬಿಲ್ ಇರಲಿಲ್ಲ. ಮುಂಬದಿ, ಹಿಂಬದಿ, ಬ್ಯಾಚ್ ನಂಬರ್, 14 ಅಂಕಿಗಳ ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ಸಂಖ್ಯೆ ಕಾಣುವಂತೆ ಫೋಟೊ ತೆಗೆದಿಡಿ. ಆನ್‌ಲೈನ್ ಜಾಹೀರಾತಾದರೆ ಕೂಡಲೇ ಸ್ಕ್ರೀನ್‌ಶಾಟ್ ತೆಗೆಯಿರಿ, ನಾಳೆ ಅದು ಅಲ್ಲಿರುವುದಿಲ್ಲ.

ಲೇಬಲ್ ತಪ್ಪಿದ್ದರೆ ಜಿಲ್ಲೆಯ ಆಹಾರ ಸುರಕ್ಷತಾ ಅಂಕಿತ ಅಧಿಕಾರಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ದಂಡದ ಪ್ರಕರಣಗಳನ್ನು ತೀರ್ಮಾನಿಸುವವರು ಅಪರ ಜಿಲ್ಲಾಧಿಕಾರಿ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿ. 40ನೇ ಕಲಂ ಪ್ರಕಾರ ಗ್ರಾಹಕರೇ ಶುಲ್ಕ ಕಟ್ಟಿ ಆಹಾರವನ್ನು ಪರೀಕ್ಷೆ ಮಾಡಿಸಬಹುದು, ತಪ್ಪು ಕಂಡರೆ ಶುಲ್ಕ ವಾಪಸ್. ಆದರೆ ಪರೀಕ್ಷೆಗೆ ಕಳಿಸುವ ಉದ್ದೇಶವನ್ನು ಕೊಳ್ಳುವ ಹೊತ್ತಿಗೇ ಅಂಗಡಿಯವರಿಗೆ ಹೇಳಿರಬೇಕು. ಈ ಷರತ್ತು ತಿಳಿಯದೆ ಅನೇಕರ ಶ್ರಮ ನೀರುಪಾಲಾಗುತ್ತದೆ.

ಜಾಹೀರಾತೇ ಸುಳ್ಳಾದರೆ ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರಡಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರಕ್ಕೆ ದೂರಬಹುದು, ದೂರನ್ನು ಜಿಲ್ಲಾಧಿಕಾರಿಗೂ ಕೊಡಬಹುದು. ತಯಾರಕರಿಗೆ ಮಾತ್ರವಲ್ಲ, ಅದರಲ್ಲಿ ನಟಿಸಿ ಹೊಗಳಿದ ತಾರೆಗೂ 10 ಲಕ್ಷದವರೆಗೆ ದಂಡ, ಮರುಕಳಿಸಿದರೆ 50 ಲಕ್ಷ. ತಾರೆ ಒಂದು ವರ್ಷ ಯಾವ ಜಾಹೀರಾತಿನಲ್ಲೂ ಶಿಫಾರಸು ಮಾಡದಂತೆ ತಡೆಯುವ ಅಧಿಕಾರವೂ ಪ್ರಾಧಿಕಾರಕ್ಕಿದೆ. ಈ ದಂಡ ಸರ್ಕಾರಕ್ಕೆ ಹೋಗುತ್ತದೆ, ನಿಮಗೆ ಬರುವುದಿಲ್ಲ. ನಿಮಗಾದ ನಷ್ಟಕ್ಕೆ, ಆಸ್ಪತ್ರೆ ಖರ್ಚಿಗೆ ಪರಿಹಾರ ಬೇಕಾದರೆ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ಹೋಗಬೇಕು. ಕಂಪನಿ ಮುಂಬೈಯಲ್ಲಿದ್ದರೂ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ದಾಖಲಿಸಬಹುದು. ವಸ್ತುವಿಗೆ ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ. ಎರಡು ವರ್ಷದೊಳಗೆ ಹೋಗಬೇಕು ಎಂಬುದನ್ನು ಮಾತ್ರ ಮರೆಯಬಾರದು. ಎಲ್ಲಿಂದ ಶುರು ಮಾಡುವುದೆಂದು ತೋಚದಿದ್ದರೆ 1915ಕ್ಕೆ ಕರೆ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ.

ಒಂದು ಕೊರತೆಯನ್ನು ಹೇಳಲೇಬೇಕು. ಲೇಬಲ್‌ನ ಕಡ್ಡಾಯ ವಿವರಗಳು ಇಂಗ್ಲಿಷ್ ಅಥವಾ ಹಿಂದಿಯಲ್ಲಿದ್ದರೆ ಸಾಕು ಎನ್ನುತ್ತದೆ ಕೇಂದ್ರದ ನಿಯಮ. ಬೇರೆ ಭಾಷೆ ಸೇರಿಸುವುದು ಕಂಪನಿಯ ಇಷ್ಟ. ಸೋಪಿನ ಜಾಹೀರಾತನ್ನು ಕನ್ನಡದಲ್ಲಿ ಮಾಡಲು ಬರುವವರಿಗೆ ಎಚ್ಚರಿಕೆಯನ್ನು ಕನ್ನಡದಲ್ಲಿ ಬರೆಯಲು ಬಾರದೇ? ಈ ನಿಯಮ ಬದಲಾಗುವವರೆಗೆ ಮನೆಯಲ್ಲಿ ಇಂಗ್ಲಿಷ್ ಬಲ್ಲ ಮಕ್ಕಳು ಅಜ್ಜಿಗೆ, ಅಮ್ಮನಿಗೆ ಹಿಂಬದಿ ಓದಿ ಹೇಳಲಿ.

ಮಗುವಿಗೆ ಭೇದಿಯಾದರೆ ಹೆಸರು ನೋಡಿ ಪ್ಯಾಕ್ ಕೊಳ್ಳಬೇಡಿ, ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಕಲಸುವ ಜೀವಜಲದ ಪುಡಿಯನ್ನೇ ಕೇಳಿ ತನ್ನಿ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ಆಶಾ ಕಾರ್ಯಕರ್ತೆಯರ ಬಳಿ ಅದು ಉಚಿತವಾಗಿ ಸಿಗುತ್ತದೆ.