ಮಂಗಳೂರಿನ ಸುಲ್ತಾನ್ ಬತ್ತೇರಿ: ಒಂದು ಚರಿತ್ರಪಾಠ

ಯುದ್ಧಗಳ ಚರಿತ್ರೆಯು ಪುಸ್ತಕದಲ್ಲಿ ಇಸವಿಗಳ ಪಟ್ಟಿಯಂತೆ ತೋರುವುದು. ಅವು ನಡೆದ ಸ್ಥಳದಲ್ಲಿ ನಿಂತಾಗ ಅದು ಮನುಷ್ಯರ ಕಥೆಯೆಂದು ಅರಿವಾಗುವುದು. ಆದಕಾರಣ, ನಮ್ಮ ಬಾಲಿಕೆಯರೊಡನೆ ಮಂಗಳೂರಿಗೆ ಹೋಗಿ ನೋಡಿದ ಎರಡು ಸ್ಥಳಗಳ ವಿಷಯವನ್ನು ಹಳೆಯ ವಿದ್ಯಾರ್ಥಿನಿಯರಿಗೂ ತಂದೆತಾಯಿಗಳಿಗೂ ಇಲ್ಲಿ ನಿವೇದಿಸುತ್ತೇವೆ.

ಕೆರೆಗಳ ಸೀಮೆಯಾದ ಕ್ಯಾಲನೂರಿನ ಕಡೆಯವರಿಗೆ ಕಡಲತೀರದ ಯುದ್ಧವು ದೂರದ ಸಂಗತಿಯೆನಿಸಬಹುದು. ಆದರೆ ಹೈದರಾಲಿಯು ಹುಟ್ಟಿದ್ದು ನಮ್ಮ ಜಿಲ್ಲೆಯ ಬೂದಿಕೋಟೆಯಲ್ಲಿ. 1782ರ ಡಿಸೆಂಬರಿನಲ್ಲಿ ಅವನು ತೀರಿಕೊಂಡಾಗ ಶವವನ್ನು ಮೊದಲು ಇರಿಸಿದ್ದು ಕೋಲಾರದಲ್ಲಿ. ಇಂಗ್ಲಿಷರೊಡನೆ ಆಗ ನಡೆಯುತ್ತಿದ್ದ ಯುದ್ಧವು ಮಗನಾದ ಟಿಪ್ಪುವಿನ ಪಾಲಿಗೆ ಬಂದಿತು.

1783ರ ಮಾರ್ಚಿಯಲ್ಲಿ ಇಂಗ್ಲಿಷರು ಮಂಗಳೂರಿನ ಕೋಟೆಯನ್ನು ಹಿಡಿದರು. ಮೇ ತಿಂಗಳಲ್ಲಿ ಟಿಪ್ಪುವು ಅದಕ್ಕೆ ಮುತ್ತಿಗೆ ಹಾಕಿದನು. ಕರ್ನಲ್ ಕ್ಯಾಂಬೆಲನ ದಂಡು ಮಳೆಗಾಲವನ್ನೂ ಹಸಿವನ್ನೂ ರೋಗವನ್ನೂ ಸಹಿಸಿ, 1784ರ ಜನವರಿ 30ರಂದು ಕೋಟೆಯನ್ನು ಬಿಟ್ಟುಕೊಟ್ಟಿತು. ಒಳಗೆ ಹಸಿದವರಲ್ಲಿ ಹೆಚ್ಚಿನವರು ನಮ್ಮ ದೇಶದ ಸಿಪಾಯಿಗಳೇ. ಮಾರ್ಚಿ 11ರ ಮಂಗಳೂರು ಒಪ್ಪಂದದಂತೆ ಉಭಯ ಪಕ್ಷದವರೂ ತಾವು ಗೆದ್ದ ಸೀಮೆಗಳನ್ನು ಹಿಂದಕ್ಕೆ ಕೊಡಬೇಕಾಯಿತು. ಇಷ್ಟು ಜನರು ಮಡಿದ ಮೇಲೆ ಗಡಿಗಳು ಮೊದಲಿದ್ದಲ್ಲಿಗೇ ಬಂದು ನಿಂತವು.

ಬೋಳೂರಿನಲ್ಲಿ ಗುರುಪುರ ನದಿಯ ದಡದ ಮೇಲಿರುವ ಕರಿಗಲ್ಲಿನ ಸುಲ್ತಾನ್ ಬತ್ತೇರಿಯನ್ನು ಟಿಪ್ಪುವು ಅದೇ 1784ರಲ್ಲಿ ಕಟ್ಟಿಸಿದನು. ಗೋಡೆಯಲ್ಲಿ ಫಿರಂಗಿಗಳಿಗಾಗಿ ಬಿಟ್ಟ ಕಿಂಡಿಗಳಿವೆ. ಅವುಗಳ ಮೂಲಕ ನದಿಯನ್ನು ನೋಡಿದೊಡನೆ, ಶತ್ರುವಿನ ಯುದ್ಧನೌಕೆಗಳು ಒಳಗೆ ಬಾರದಂತೆ ಕಾಯುವುದೇ ಇದರ ಉದ್ದೇಶವೆಂದು ಬಾಲಿಕೆಯರು ತಾವೇ ಊಹಿಸಿದರು.

ಎರಡನೆಯದು ಹಂಪನಕಟ್ಟೆಯ ಮಿಲಾಗ್ರಿಸ್ ದೇವಾಲಯ. ಅಲ್ಲಿಯವರ ಮಾತಿನಲ್ಲಿ ಇಗರ್ಜಿ. 1680ರಲ್ಲಿ ಸ್ಥಾಪಿತವಾದ ಇದನ್ನು 1784ರಲ್ಲಿ ಕೆಡವಲಾಯಿತು. ಈಗಿನ ಕಟ್ಟಡವು 1911ರದು. ಇಂಗ್ಲಿಷರಿಗೆ ನೆರವಾದರೆಂಬ ಸಂಶಯದಿಂದ ಕರಾವಳಿಯ ಕ್ರೈಸ್ತರನ್ನು ಆ ವರುಷ ಕುಟುಂಬಸಮೇತ ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದರು. ಘಟ್ಟ ಹತ್ತಿ ನಡೆಯುವಾಗಲೇ ಅನೇಕರು ಮಡಿದರು. ಅಳಿದುಳಿದವರಿಗೆ ಬಿಡುಗಡೆಯಾದದ್ದು 1799ರಲ್ಲಿ, ಶ್ರೀರಂಗಪಟ್ಟಣವು ಬಿದ್ದ ಮೇಲೆ.

ನಮ್ಮ ತರಗತಿಗಳಲ್ಲಿ ಹಿಂದೂ, ಮುಸಲ್ಮಾನ, ಕ್ರೈಸ್ತ ಮನೆಗಳ ಮಕ್ಕಳು ಒಂದೇ ಬೆಂಚಿನ ಮೇಲೆ ಕುಳಿತು ಈ ಪಾಠವನ್ನು ಕೇಳುತ್ತಾರೆ. ನಡೆದ ನೋವನ್ನು ಮುಚ್ಚಿಡುವುದು ಸಲ್ಲದು. ಅಂದಿನ ಅರಸನ ಕೃತ್ಯಕ್ಕಾಗಿ ಇಂದು ಪಕ್ಕದಲ್ಲಿ ಕುಳಿತವಳನ್ನು ಹೊಣೆಮಾಡುವುದೂ ಸಲ್ಲದು. ಇವೆರಡನ್ನೂ ಒಟ್ಟಿಗೆ ಕಲಿಸುವುದೇ ಚರಿತ್ರೆಯ ಉಪಾಧ್ಯಾಯಿನಿಯ ಕಠಿಣವಾದ ಕೆಲಸ.

ತಂದೆತಾಯಿಗಳೇ, ಬಿಡುವಿನಲ್ಲಿ ಮಕ್ಕಳಿಗೆ ಬೂದಿಕೋಟೆಯನ್ನಾದರೂ ತೋರಿಸಿರಿ. ಯಾರು ಗೆದ್ದರೆಂದು ಕೇಳಿದ ಬಳಿಕ, ಹಸಿದವರು ಯಾರು, ಮನೆ ಬಿಟ್ಟು ನಡೆದವರು ಯಾರು ಎಂದೂ ತಪ್ಪದೆ ಕೇಳಿರಿ.