ಅಗಲಿದ ಗೆಳೆಯನ ಗ್ಯಾರೇಜು

ಬ್ರಿಟನ್ನಿನಲ್ಲಿ 1948ರಿಂದ 1971ರವರೆಗೆ ತಯಾರಾದ ಮಾರಿಸ್ ಮೈನರ್ ಎಂಬ ಪುಟ್ಟ ಕಾರನ್ನು ಇಂದಿಗೂ ಜೋಪಾನವಾಗಿ ಓಡಿಸುವವರಿದ್ದಾರೆ. ನಮ್ಮ ಅಂಬಾಸಿಡರಿಗೆ ಅದು ದಾಯಾದಿಯೇ ಅನ್ನಿ. ಅದರ ಮುಂದಿನ ಚಕ್ರದ ಕೀಲಿಗೆ ತಪ್ಪದೆ ಗ್ರೀಸ್ ತುಂಬಬೇಕು; ಮರೆತರೆ ಕೀಲು ಸವೆದು, ಒಂದು ದಿನ ಚಕ್ರವೇ ಮಡಚಿಕೊಳ್ಳುತ್ತದೆ.

ಇಂಥದ್ದನ್ನು ಹೊಸಬರಿಗೆ ಹೇಳಿಕೊಡುವ ಹಿರಿಯರೊಬ್ಬರು ಇಂಥ ಬಳಗಗಳಲ್ಲಿ ಇದ್ದೇ ಇರುತ್ತಾರೆ. ಹೊತ್ತಲ್ಲದ ಹೊತ್ತಿನಲ್ಲಿ ಫೋನ್ ಮಾಡಿದರೂ ಬೇಸರಿಸರು, ಕಾಸು ಕೇಳರು. ಅವರು ತೀರಿಕೊಂಡಾಗ ಶವವಾಹನದ ಹಿಂದೆ ಹಳೆಯ ಕಾರುಗಳು ಸಾಲಾಗಿ ಸಾಗುವುದುಂಟು. ಅವುಗಳಲ್ಲಿ ಎಷ್ಟೋ ಅವರ ಕೈಯಿಂದಲೇ ಜೀವ ಪಡೆದವು.

ಹೂವಿಟ್ಟು, ಸಂತಾಪಪತ್ರ ಬರೆದರೆ ಮುಗಿಯಿತೇ? ಮನೆಯಲ್ಲಿ ಅವರ ಮಡದಿ ಇದ್ದಾರೆ. ಗ್ಯಾರೇಜಿನಲ್ಲಿ ಅರ್ಧ ಬಿಚ್ಚಿಟ್ಟ ಕಾರು, ಹೆಸರು ಬರೆಯದ ಡಬ್ಬಿಗಳ ತುಂಬ ಬಿಡಿಭಾಗಗಳು. ಯಾವುದು ಬೆಲೆಬಾಳುವುದು, ಯಾವುದು ಗುಜರಿ ಎಂದು ಅವರಿಗೆ ಹೇಳುವವರಾರು?

ಇಂಥ ಗೆಳೆಯರನ್ನು ನೀವು ಕಳೆದುಕೊಂಡಿದ್ದರೆ, ಗುಜರಿಯವನು ಬಾಗಿಲಿಗೆ ಬರುವ ಮೊದಲು ಇಬ್ಬರು ಹೋಗಿ ಆ ಅಮ್ಮನೊಡನೆ ಕುಳಿತು ಪಟ್ಟಿ ಮಾಡಿಕೊಡಿ. ಕೊಳ್ಳುವ ಆಸೆಯಿದ್ದವರು ಮಾತ್ರ ಆ ಕೆಲಸಕ್ಕೆ ಹೋಗದಿರುವುದೇ ಲೇಸು! ಮಾರಲು ಅವರಿಗೆ ಮನಸ್ಸಿಲ್ಲವೆಂದರೆ ಒತ್ತಾಯಿಸಬೇಡಿ. ಬಿಚ್ಚಿಟ್ಟ ಕಾರನ್ನು ನೀವೇ ಜೋಡಿಸಿಕೊಡುವುದಾದರೆ, ಮೊದಲ ಸವಾರಿಗೆ ಅವರನ್ನೇ ಕರೆಯಿರಿ.